ಕೊರಿಯಾದ ಗ್ಯೊಂಗ್‌ಬೊಕ್ ಅರಮನೆ

ಕಳೆದ ವರ್ಷದ ಮಳೆಗಾಲದಲ್ಲಿ ಒಂದು ದಿನ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ಪೂರ್ವ ಏಷ್ಯದ ಚರಿತ್ರೆಗೆ ಸಂಬಂಧಿಸಿದ ಎರಡು ಪುಸ್ತಕಗಳನ್ನು ತಿರುವಿಹಾಕುತ್ತಿದ್ದೆ. ಎರಡರಲ್ಲಿಯೂ ಒಂದೇ ಹೆಬ್ಬಾಗಿಲಿನ ಚಿತ್ರವಿತ್ತು. ಅದೇ ಕಲ್ಲಿನ ಪೀಠ, ಅದೇ ಮೂರು ಕಮಾನುಗಳು, ಮೇಲೆ ಅದೇ ಎರಡಂತಸ್ತಿನ ಮರದ ಉಪ್ಪರಿಗೆ. ಆದರೆ ಬಾಗಿಲಿನ ನೆತ್ತಿಯ ಮೇಲೆ ತೂಗುಹಾಕಿದ್ದ ಹೆಸರಿನ ಫಲಕ ಮಾತ್ರ ಒಂದು ಚಿತ್ರದಲ್ಲಿ ಬಿಳಿಯ ಹಲಗೆಯ ಮೇಲೆ ಕಪ್ಪು ಅಕ್ಷರದ್ದಾಗಿತ್ತು. ಇನ್ನೊಂದರಲ್ಲಿ ಕಪ್ಪು ಹಲಗೆಯ ಮೇಲೆ ಚಿನ್ನದ ಅಕ್ಷರದ್ದಾಗಿತ್ತು. ಆರು ಶತಮಾನಗಳ ಹಿಂದಿನ ಅರಮನೆಯ ಬಾಗಿಲಿಗೆ ನಾಮಫಲಕ ಬದಲಾಗುವುದೆಂದರೇನು? ಚರಿತ್ರೆಯ ಅಧ್ಯಾಪಕರಲ್ಲಿ ಕೇಳಿದೆ. ಅವರು ನಕ್ಕು, "ನೀನೇ ಹುಡುಕಪ್ಪ, ಸಿಕ್ಕಿದ್ದನ್ನು ಸಂಚಿಕೆಗೆ ಬರೆದುಕೊಡು" ಎಂದರು. ಹುಡುಕುತ್ತ ಹೋದಂತೆ ಫಲಕವೊಂದೇ ಅಲ್ಲ, ಆ ಬಾಗಿಲು, ಅದರ ಹಿಂದಿನ ಸಿಂಹಾಸನ ಮಂದಿರ, ರಾಣೀವಾಸ ಎಲ್ಲವೂ ಒಂದಲ್ಲ ಒಂದು ಸಲ ಸುಟ್ಟು, ಇಲ್ಲವೆ ಕೆಡವಿಸಿಕೊಂಡು, ಮತ್ತೆ ಎದ್ದವು ಎಂಬುದು ತಿಳಿಯಿತು. ಇದನ್ನು ಹೇಳಿದಾಗ ನನ್ನ ಸಹಪಾಠಿಯೊಬ್ಬ, "ಹಾಗಾದರೆ ಅದು ಹಳೆಯ ಅರಮನೆಯೇ ಅಲ್ಲ, ನಾಟಕದ ಪರದೆ" ಎಂದುಬಿಟ್ಟ. ಆಗ ನನಗೂ ಹಾಗೆಯೇ ತೋರಿತ್ತು. ಈಗ ಅಷ್ಟು ಸುಲಭವಾಗಿ ಹೇಳಲಾರೆ. ನಾನು ಅಲ್ಲಿಗೆ ಹೋಗಿ ಕಂಡವನಲ್ಲ. ಓದಿ ತಿಳಿದದ್ದನ್ನು ಮಾತ್ರ ವಾಚಕರ ಮುಂದಿಡುತ್ತಿದ್ದೇನೆ.

ದಕ್ಷಿಣ ಕೊರಿಯಾದ ರಾಜಧಾನಿಯಾದ ಸಿಯೋಲ್ ನಗರದ ಉತ್ತರ ಭಾಗದಲ್ಲಿ, ನೂರು ಎಕರೆಗೂ ಮೇಲ್ಪಟ್ಟ ನೆಲದಲ್ಲಿ ಈ ಅರಮನೆ ಇದೆ. ಅದರ ಹೆಸರು ಗ್ಯೊಂಗ್‌ಬೊಕ್‌ಗುಂಗ್. ಉಚ್ಚರಿಸುವಾಗ ನಾಲಗೆ ಎರಡು ಸಲ ಎಡವುತ್ತದೆ. ಆದರೆ ಅರ್ಥ ತಿಳಿದರೆ ಹೆಸರು ಹತ್ತಿರವಾಗುತ್ತದೆ. 'ಗುಂಗ್' ಎಂದರೆ ಅರಮನೆ. 'ಗ್ಯೊಂಗ್‌ಬೊಕ್' ಎಂದರೆ ಮಹಾಸೌಭಾಗ್ಯ. ೧೩೯೨ರಲ್ಲಿ ಯಿ ಸೊಂಗ್‌ಗ್ಯೆ ಎಂಬ ಸೇನಾಪತಿ ಹಿಂದಿನ ರಾಜವಂಶವನ್ನು ತಳ್ಳಿ ತಾನೇ ದೊರೆಯಾಗಿ ಜೋಸೊನ್ ವಂಶವನ್ನು ಸ್ಥಾಪಿಸಿದನು. ಸಿಂಹಾಸನವನ್ನು ಕಿತ್ತುಕೊಂಡವನಿಗೆ ಹಳೆಯ ರಾಜಧಾನಿಯಲ್ಲಿ ನಿದ್ರೆ ಹತ್ತುವುದು ಕಷ್ಟ. ೧೩೯೪ರಲ್ಲಿ ಅವನು ರಾಜಧಾನಿಯನ್ನು ಈಗಿನ ಸಿಯೋಲ್ ಆದ ಹನ್ಯಾಂಗ್‌ಗೆ ಬದಲಾಯಿಸಿದನು. ಮರುವರ್ಷ, ೧೩೯೫ರಲ್ಲಿ, ಹೊಸ ಅರಮನೆ ಸಿದ್ಧವಾಯಿತು.

ಅದಕ್ಕೆ ಹೆಸರಿಟ್ಟವನು ದೊರೆಯಲ್ಲ, ಮಂತ್ರಿ. ಜೊಂಗ್ ದೋಜೊನ್ ಎಂಬ ಈ ವಿದ್ವಾಂಸ ಹೊಸ ರಾಜ್ಯದ ಶಿಲ್ಪಿಯೆಂದೇ ಹೆಸರಾದವನು. ಕನ್‌ಫ್ಯೂಷಿಯಸ್ ಮತದ ಗ್ರಂಥಗಳಲ್ಲಿ ಮುಳುಗಿದ್ದ ಇವನು ಅರಮನೆಯ ಹೆಸರನ್ನು ಚೀಣದ ಪ್ರಾಚೀನ ಗೀತಸಂಕಲನದಿಂದ ಆರಿಸಿಕೊಂಡನು. ಒಳಗಿನ ಮಂದಿರಗಳಿಗೂ ಒಂದೊಂದು ಹೆಸರು ಕೊಟ್ಟನು. 'ಜೊನ್' ಎಂದರೆ ಮಂದಿರ. ಸಿಂಹಾಸನವಿರುವುದು ಗುನ್‌ಜೊಂಗ್‌ಜೊನ್, ಅಂದರೆ ಶ್ರಮಪಟ್ಟು ಆಳುವ ಮಂದಿರ. ದೊರೆ ಪ್ರತಿದಿನ ಮಂತ್ರಿಗಳನ್ನು ಕಾಣುವುದು ಸಜೊಂಗ್‌ಜೊನ್, ಅಂದರೆ ಯೋಚಿಸಿ ಆಳುವ ಮಂದಿರ. ಗಮನಿಸಬೇಕಾದ ಸಂಗತಿಯೆಂದರೆ, ಇವು ದೊರೆಯ ಹೊಗಳಿಕೆಗಳಲ್ಲ, ದೊರೆಗೆ ಇತ್ತ ಎಚ್ಚರಿಕೆಗಳು. ಪ್ರತಿ ಬೆಳಗ್ಗೆ ಒಳಕ್ಕೆ ಬರುವಾಗ ತಲೆಯ ಮೇಲಿನ ಫಲಕ ಅವನಿಗೆ ಅವನ ಕೆಲಸವನ್ನು ನೆನಪಿಸಬೇಕು ಎಂಬುದು ಮಂತ್ರಿಯ ಎಣಿಕೆ. ಮಂತ್ರಿಯ ಗತಿ ಮಾತ್ರ ಒಳ್ಳೆಯದಾಗಲಿಲ್ಲ. ಮೂರೇ ವರ್ಷಗಳಲ್ಲಿ, ೧೩೯೮ರಲ್ಲಿ, ಉತ್ತರಾಧಿಕಾರದ ಜಗಳವೆದ್ದು ಐದನೆಯ ರಾಜಕುಮಾರನು ತನ್ನ ಮಲತಮ್ಮಂದಿರಿಬ್ಬರನ್ನೂ ಜೊಂಗ್ ದೋಜೊನ್‌ನನ್ನೂ ಕೊಲ್ಲಿಸಿದನು. ಆ ರಾಜಕುಮಾರನೇ ಮುಂದೆ ತೇಜೊಂಗ್ ಎಂಬ ದೊರೆಯಾದನು. ತಮ್ಮಂದಿರ ರಕ್ತ ಬಿದ್ದ ಅರಮನೆಯಲ್ಲಿರಲು ಅವನಿಗೆ ಮನಸ್ಸಾಗಲಿಲ್ಲವೆಂದು ಹೇಳುತ್ತಾರೆ. ೧೪೦೫ರಲ್ಲಿ ಪೂರ್ವಕ್ಕೆ ಚಾಂಗ್‌ದೊಕ್ ಎಂಬ ಇನ್ನೊಂದು ಅರಮನೆಯನ್ನು ಕಟ್ಟಿಸಿಕೊಂಡನು. ಈ ಎರಡನೆಯ ಅರಮನೆಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಅರಮನೆಯ ಕಟ್ಟಡವನ್ನು ನೋಡೋಣ. ಬೆನ್ನಿಗೆ ಬೆಟ್ಟ, ಎದುರಿಗೆ ನೀರು ಇರುವ ನೆಲವೇ ಶ್ರೇಷ್ಠವೆಂಬುದು ಕೊರಿಯಾದವರ ಭೂಲಕ್ಷಣ ಶಾಸ್ತ್ರದ ಮುಖ್ಯ ಸೂತ್ರ. ಉತ್ತರಕ್ಕೆ ೩೪೨ ಮೀಟರ್ ಎತ್ತರದ ಬುಗಾಕ್ ಬೆಟ್ಟ, ಪಶ್ಚಿಮಕ್ಕೆ ಇನ್‌ವಾಂಗ್ ಎಂಬ ಬೋಳುಬಂಡೆಯ ಬೆಟ್ಟ, ದಕ್ಷಿಣಕ್ಕೆ ಊರ ನಡುವೆ ಹರಿಯುವ ಹೊಳೆ. ಇವುಗಳ ಮಧ್ಯೆ ದಕ್ಷಿಣದಿಂದ ಉತ್ತರಕ್ಕೆ ಒಂದು ನೇರವಾದ ಗೆರೆ ಎಳೆದಂತೆ ಮುಖ್ಯ ಕಟ್ಟಡಗಳನ್ನು ನಿಲ್ಲಿಸಿದ್ದಾರೆ. ಮೊದಲು ಗ್ವಾಂಗ್‌ಹ್ವಾಮುನ್ ಎಂಬ ಹೆಬ್ಬಾಗಿಲು, ಅನಂತರ ಎರಡನೆಯ ಬಾಗಿಲು, ಒಂದು ಸಣ್ಣ ಕಾಲುವೆ ಮತ್ತು ಕಲ್ಲಿನ ಸೇತುವೆ, ಮೂರನೆಯ ಬಾಗಿಲು, ಸಿಂಹಾಸನ ಮಂದಿರ, ಆಲೋಚನಾ ಮಂದಿರ, ದೊರೆಯ ಶಯನಗೃಹ, ಕೊನೆಗೆ ಪಟ್ಟದ ರಾಣಿಯ ವಾಸಗೃಹ. ಬೀದಿಯಿಂದ ಒಳಕ್ಕೆ ಹೋದಂತೆಲ್ಲ ರಾಜ್ಯ ಕಡಮೆಯಾಗಿ ಸಂಸಾರ ಹೆಚ್ಚುತ್ತದೆ. ಚೀಣದ ಅರಮನೆಗಳೂ ಹೀಗೆಯೇ ನೇರ ಗೆರೆಯ ಮೇಲಿವೆ. ಆದರೆ ಅಲ್ಲಿ ಮನುಷ್ಯನು ಕಟ್ಟಿದ್ದು ಕಣ್ಣನ್ನೆಲ್ಲ ತುಂಬಿಕೊಳ್ಳುತ್ತದೆ. ಇಲ್ಲಿ ಬೆಟ್ಟವೇ ಕೊನೆಯ ಮಾತನ್ನು ಆಡುತ್ತದೆ.

ಸಿಂಹಾಸನ ಮಂದಿರದ ಅಂಗಳದ ವಿಷಯವನ್ನು ಓದುತ್ತಿದ್ದಾಗ ನನಗೆ ಆ ಕಾಲದ ಕೆಲಸಗಾರರ ಮೇಲೆ ಅಪಾರವಾದ ಗೌರವ ಹುಟ್ಟಿತು. ಅಂಗಳಕ್ಕೆಲ್ಲ ಹಾಸಿರುವುದು ನಯಮಾಡದ ಒರಟು ಗ್ರಾನೈಟ್ ಚಪ್ಪಡಿ. ನಯಮಾಡಲು ಬಾರದೆ ಬಿಟ್ಟದ್ದಲ್ಲ. ಒರಟು ಕಲ್ಲು ಬಿಸಿಲನ್ನು ಚದುರಿಸುವುದರಿಂದ ಗಂಟೆಗಟ್ಟಲೆ ನಿಂತ ಅಧಿಕಾರಿಗಳ ಕಣ್ಣು ಕುಕ್ಕುವುದಿಲ್ಲ; ಮಳೆಯಲ್ಲಿ ಮೆತ್ತನೆಯ ಅಡಿಯ ಪಾದರಕ್ಷೆ ಜಾರುವುದಿಲ್ಲ. ಇಡೀ ಅಂಗಳ ಉತ್ತರದಿಂದ ದಕ್ಷಿಣಕ್ಕೆ ಕಣ್ಣಿಗೆ ತಿಳಿಯದಷ್ಟು ಇಳಿಜಾರಾಗಿರುವುದರಿಂದ ಎಂಥ ಮಳೆಯ ನೀರೂ ಚಪ್ಪಡಿಗಳ ಸಂದಿನಲ್ಲಿ ಹರಿದು ಹೋಗುತ್ತದೆ. ನಡುದಾರಿಯ ಇಕ್ಕೆಲಗಳಲ್ಲಿ ಹನ್ನೆರಡು ಹನ್ನೆರಡು ಸಣ್ಣ ಕಲ್ಲುಗಂಬಗಳಿವೆ. ಅವುಗಳ ಮೇಲೆ ಅಧಿಕಾರಿಗಳ ದರ್ಜೆಯನ್ನು ಕೆತ್ತಿದ್ದಾರೆ. ಪೂರ್ವಕ್ಕೆ ಆಡಳಿತದವರು, ಪಶ್ಚಿಮಕ್ಕೆ ಸೈನ್ಯದವರು; ಒಂದನೆಯ ದರ್ಜೆಯವನು ದೊರೆಗೆ ಹತ್ತಿರ, ಒಂಬತ್ತನೆಯವನು ಬಾಗಿಲಿಗೆ ಹತ್ತಿರ. ಒಡ್ಡೋಲಗದ ದಿನ ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಕೂಗಬೇಕಾಗಿಲ್ಲ. ನಮ್ಮ ಪರೀಕ್ಷೆಯ ಹಜಾರದಲ್ಲಿ ಮೇಜುಗಳಿಗೆ ನಂಬರು ಅಂಟಿಸುವ ಗುಮಾಸ್ತರು ಈ ಏರ್ಪಾಡನ್ನು ಕಂಡರೆ ಮೆಚ್ಚಿಯಾರು.

ಅಂಗಳದ ಕೊನೆಯಲ್ಲಿ ಎರಡು ಹಂತದ ಕಲ್ಲಿನ ಜಗಲಿ. ಅದರ ಕೈಪಿಡಿ ಕಂಬಗಳ ಮೇಲೆ ದಿಕ್ಕುಗಳನ್ನೂ ಹೊತ್ತುಗಳನ್ನೂ ಕಾಯುವ ಪ್ರಾಣಿಗಳ ಶಿಲ್ಪಗಳು. ಜಗಲಿಯ ಮೇಲೆ ಮಂದಿರ. ಹೊರಗಿನಿಂದ ನೋಡಿದರೆ ಎರಡು ಅಂತಸ್ತು. ಒಳಗೆ ಹೋದರೆ ನಡುವೆ ಅಟ್ಟವೇ ಇಲ್ಲ. ಎತ್ತರವಾದ ಮರದ ಕಂಬಗಳು ನೆಲದಿಂದ ನೇರವಾಗಿ ಏರಿ ಮುಚ್ಚಿಗೆಯನ್ನು ಹೊತ್ತಿವೆ. ಮುಚ್ಚಿಗೆಯ ನಡುವೆ ಏಳು ಉಗುರುಗಳ ಎರಡು ಹೊನ್ನಿನ ಡ್ರಾಗನ್‌ಗಳು. ಸಿಂಹಾಸನದ ಹಿಂದಿನ ಪರದೆಯ ಮೇಲೆ ಸೂರ್ಯ, ಚಂದ್ರ, ಐದು ಶಿಖರಗಳು. ದೊರೆ ಕುಳಿತಾಗಲೇ ಈ ಚಿತ್ರ ಪೂರ್ಣವಾಗುತ್ತದೆ ಎಂಬುದು ಅವರ ಭಾವನೆ.

ಈ ಕಟ್ಟಡಗಳ ಜೀವವಿರುವುದು ಚಾವಣಿಯಲ್ಲಿ. ಹೆಂಚು ಹೊದಿಸಿದ ಭಾರವಾದ ಚಾವಣಿಯನ್ನು ಕಂಬದ ತಲೆಯ ಮೇಲೆ ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿದ ಮರದ ಬೋದಿಗೆಗಳ ಗೊಂಚಲು ಹೊರುತ್ತದೆ. ಒಂದು ಮರದ ಕಚ್ಚಿನಲ್ಲಿ ಇನ್ನೊಂದು ಕೂರುವುದರಿಂದ ಮೊಳೆಯ ಅಗತ್ಯ ಬಹಳ ಕಡಮೆ. ಈ ಗೊಂಚಲು ಭಾರವನ್ನು ಹಂಚುವುದಲ್ಲದೆ ಸೂರನ್ನು ಗೋಡೆಯಿಂದ ಬಹು ದೂರ ಮುಂದಕ್ಕೆ ಚಾಚಿಸುತ್ತದೆ. ಬೇಸಗೆಯ ಎತ್ತರದ ಸೂರ್ಯ ಒಳಕ್ಕೆ ಇಣುಕಲಾರ; ಚಳಿಗಾಲದ ತಗ್ಗಿನ ಸೂರ್ಯ ಧಾರಾಳವಾಗಿ ಬರಬಹುದು. ಮರಕ್ಕೆಲ್ಲ ನೀಲಿ, ಕೆಂಪು, ಹಳದಿ, ಬಿಳಿ, ಕಪ್ಪು ಎಂಬ ಐದು ಮೂಲವರ್ಣಗಳಿಂದ ಚಿತ್ರ ಬರೆಯುತ್ತಾರೆ. ಅದು ಅಂದಕ್ಕೂ ಹೌದು, ಹುಳುವಿನಿಂದ ಮತ್ತು ಮಳೆಯಿಂದ ಮರವನ್ನು ಕಾಯುವುದಕ್ಕೂ ಹೌದು. ಚಾವಣಿಯ ಮೂಲೆಯ ಏಣುಗಳ ಮೇಲೆ ಸಾಲಾಗಿ ಕುಳಿತ ಸಣ್ಣ ಮಣ್ಣಿನ ಬೊಂಬೆಗಳಿವೆ. ದುಷ್ಟಶಕ್ತಿಗಳನ್ನು ಓಡಿಸುವ ಕೆಲಸ ಅವುಗಳದು. ಅವುಗಳಲ್ಲಿ ಮೊದಲನೆಯವನು ಒಬ್ಬ ಬೌದ್ಧ ಭಿಕ್ಷು, ಅವನ ಹಿಂದೆ ಒಂದು ಕಪಿ. ಭಿಕ್ಷು ಬೇರೆ ಯಾರೂ ಅಲ್ಲ, ಏಳನೆಯ ಶತಮಾನದಲ್ಲಿ ಭರತಖಂಡಕ್ಕೆ ಬಂದು ನಮ್ಮ ಇಮ್ಮಡಿ ಪುಲಿಕೇಶಿಯ ಶೌರ್ಯವನ್ನು ಬರೆದಿಟ್ಟ ಹ್ಯೂಯೆನ್ ತ್ಸಾಂಗ್! ಅವನ ಯಾತ್ರೆ ಚೀಣದಲ್ಲಿ ಕಪಿವೀರನ ಕಥೆಯಾಗಿ ಬೆಳೆದು, ಆ ಕಥೆಯ ಪಾತ್ರಗಳು ಕೊರಿಯಾದ ಅರಮನೆಯ ಸೂರನ್ನು ಏರಿವೆ. ಚಾಲುಕ್ಯರ ಪಾಠದಲ್ಲಿ ಅವನ ಹೆಸರನ್ನು ಬಾಯಿಪಾಠ ಮಾಡಿದ್ದ ನನಗೆ ಅಲ್ಲಿ ಅವನನ್ನು ಕಂಡು ಊರಿನವರು ಪರದೇಶದಲ್ಲಿ ಸಿಕ್ಕಂತಾಯಿತು.

ಶಯನಗೃಹಗಳಿಗೆ ಒಂದು ವಿಶೇಷವುಂಟು. ಒಲೆಯ ಬಿಸಿ ಹೊಗೆಯನ್ನು ನೆಲದ ಕೆಳಗಿನ ಕಲ್ಲಿನ ಕಂಡಿಗಳಲ್ಲಿ ಹಾಯಿಸಿ ನೆಲವನ್ನೇ ಬೆಚ್ಚಗಿಡುತ್ತಾರೆ. ಹೊಗೆ ಕೊನೆಗೆ ಹೊರಬರುವುದು ಮನೆಯ ಮೇಲಿಂದಲ್ಲ, ಹಿತ್ತಿಲಿನಲ್ಲಿ ದೂರಕ್ಕೆ ಕಟ್ಟಿದ ಹೊಗೆಗೂಡಿನಿಂದ. ರಾಣಿಯ ಮನೆಯ ಹಿಂದಿನ ಹೂದಿಬ್ಬದ ಮೇಲೆ ಇಂಥ ಆರು ಮೂಲೆಯ ನಾಲ್ಕು ಇಟ್ಟಿಗೆಯ ಗೂಡುಗಳು ಹೂವು, ಹಕ್ಕಿ, ಮೃಗಗಳ ಚಿತ್ರಗಳೊಡನೆ ನಿಂತಿವೆ. ಹೊಗೆಗೂಡನ್ನೂ ತೋಟದ ಅಲಂಕಾರ ಮಾಡಿದವರ ರಸಿಕತೆ ದೊಡ್ಡದು.

ಪಶ್ಚಿಮದ ಕೊಳದ ನಡುವೆ ಗ್ಯೊಂಗ್‌ಹ್ವೆರು ಎಂಬ ಔತಣದ ಉಪ್ಪರಿಗೆ ಇದೆ. ೧೪೧೨ರಲ್ಲಿ ಕೊಳವನ್ನು ಹಿಗ್ಗಿಸಿ ಅದನ್ನು ದೊಡ್ಡದಾಗಿ ಕಟ್ಟಿದರು, ಈಗಿರುವುದು ೧೮೬೭ರದು. ನಲವತ್ತೆಂಟು ಕಲ್ಲಿನ ಕಂಬಗಳ ಮೇಲೆ ಮರದ ಉಪ್ಪರಿಗೆ ನಿಂತಿದೆ. ಹೊರಸುತ್ತಿನ ಇಪ್ಪತ್ತನಾಲ್ಕು ಕಂಬಗಳು ಚೌಕ, ಒಳಗಿನ ಇಪ್ಪತ್ತನಾಲ್ಕು ದುಂಡು. ಚೌಕ ಭೂಮಿ, ದುಂಡು ಆಕಾಶ. ಉಪ್ಪರಿಗೆಯ ನಡುವಿನ ಮೂರು ಅಂಕಣ ಆಕಾಶ, ಭೂಮಿ, ಮನುಷ್ಯ. ಅದರ ಸುತ್ತಣ ಹನ್ನೆರಡು ಅಂಕಣ ವರ್ಷದ ತಿಂಗಳುಗಳು. ಬೆಂಕಿ ಬೀಳದಿರಲೆಂದು ಕಂಚಿನ ಎರಡು ಡ್ರಾಗನ್‌ಗಳನ್ನು ಕೊಳದಲ್ಲಿ ಮುಳುಗಿಸಿದ್ದರಂತೆ. ೧೯೯೭ರಲ್ಲಿ ಕೊಳದ ಹೂಳೆತ್ತುವಾಗ ಒಂದು ನಿಜವಾಗಿಯೂ ಸಿಕ್ಕಿತು. ಸಿಂಹಾಸನ ಮಂದಿರವನ್ನು ೨೦೦೧ರಲ್ಲಿ ದುರಸ್ತಿಗಾಗಿ ಬಿಚ್ಚಿದಾಗ ನೆತ್ತಿಯ ತೊಲೆಯಲ್ಲಿ ಒಂದು ಕಾಗದ ದೊರೆಯಿತು. ದೂರದಿಂದ ಅದು 'ನೀರು' ಎಂಬ ಒಂದು ದೊಡ್ಡ ಅಕ್ಷರ. ಹತ್ತಿರ ಹಿಡಿದರೆ ಆ ಅಕ್ಷರ 'ಡ್ರಾಗನ್' ಎಂಬ ಸುಮಾರು ಸಾವಿರ ಸಣ್ಣ ಅಕ್ಷರಗಳಿಂದ ಆಗಿದೆ. ಮರದ ಮನೆ ಕಟ್ಟಿದವನ ಎದೆಯೊಳಗಿನ ಭಯ ಎಂಥದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆ ಭಯ ಸುಳ್ಳಾಗಲಿಲ್ಲ. ಅದಕ್ಕೆ ಮೊದಲು ಈ ಅರಮನೆ ತನ್ನ ಅತ್ಯುತ್ತಮ ದಿನಗಳನ್ನು ಕಂಡಿತ್ತು. ತೇಜೊಂಗನ ಮಗ ಸೇಜೊಂಗ್ ೧೪೧೮ರಿಂದ ೧೪೫೦ರವರೆಗೆ ಆಳಿದನು. ೧೪೨೦ರಲ್ಲಿ ಅವನು ಅರಮನೆಯ ಒಳಗೇ ವಿದ್ವಾಂಸರ ಮಂಡಲಿಯೊಂದನ್ನು ನಿಲ್ಲಿಸಿದನು. ೧೪೩೪ರಲ್ಲಿ ತಾನಾಗಿ ಗಂಟೆ ಹೊಡೆಯುವ ನೀರಿನ ಗಡಿಯಾರ ಇಲ್ಲಿ ನಡೆಯತೊಡಗಿತು. ೧೪೪೩ರಲ್ಲಿ ಸಿದ್ಧವಾಗಿ ೧೪೪೬ರಲ್ಲಿ ಪ್ರಕಟವಾದ ಇಪ್ಪತ್ತೆಂಟು ಅಕ್ಷರಗಳ ಕೊರಿಯಾ ಲಿಪಿಯೂ ಇಲ್ಲಿಯದೇ. ಚೀಣದ ಸಾವಿರಾರು ಅಕ್ಷರಗಳನ್ನು ಕಲಿಯಲಾರದ ಸಾಮಾನ್ಯ ಜನರಿಗಾಗಿ ದೊರೆಯೊಬ್ಬ ಲಿಪಿ ಮಾಡಿಕೊಟ್ಟದ್ದು ಜಗತ್ತಿನ ಚರಿತ್ರೆಯಲ್ಲಿಯೇ ಅಪರೂಪ. ಅದರಲ್ಲಿ ವ್ಯಂಜನಗಳನ್ನು ಹುಟ್ಟುವ ಸ್ಥಾನದಂತೆ ವರ್ಗಮಾಡಿದ್ದಾರೆ. ಬೌದ್ಧರ ಮೂಲಕ ಚೀಣಕ್ಕೆ ಹೋದ ಸಂಸ್ಕೃತದ ವರ್ಣವಿಚಾರವೇ ಅದರ ಹಿಂದಿರುವುದರಿಂದ, ಕವರ್ಗ ಪವರ್ಗಗಳನ್ನು ಕಲಿತ ನಮಗೆ ಅದು ಹೊಸದೆನಿಸುವುದಿಲ್ಲ.

೧೫೯೨ರಲ್ಲಿ ಜಪಾನಿನ ಹಿದೆಯೋಶಿಯ ಸೈನ್ಯ ದಂಡೆತ್ತಿ ಬಂದಿತು. ಬಂದರಿನಲ್ಲಿ ಇಳಿದ ಮೂರು ವಾರಗಳೊಳಗೆ ರಾಜಧಾನಿ ಅವರ ಕೈಸೇರಿತು. ದೊರೆ ಸೊಂಜೊ ಉತ್ತರಕ್ಕೆ ಓಡಿಹೋದನು, ಅರಮನೆ ಬೂದಿಯಾಯಿತು. ಬೆಂಕಿ ಹಚ್ಚಿದವರಾರು? ದೊರೆ ಬಿಟ್ಟುಹೋದನೆಂದು ರೊಚ್ಚಿಗೆದ್ದ ತಮ್ಮ ಜನರೇ ಎಂದು ಕೊರಿಯಾದ ದಾಖಲೆ ಹೇಳುತ್ತದೆ. ಜಪಾನೀಯರು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಸೋತ ದೇಶದ ಇತಿಹಾಸಕಾರರು ತಮ್ಮವರ ಮೇಲೆಯೇ ತಪ್ಪು ಬರೆದುಕೊಂಡದ್ದು ನನಗೆ ಆಶ್ಚರ್ಯವೆನಿಸಿತು. ಯುದ್ಧದ ನಂತರ ಭಂಡಾರ ಬರಿದಾಗಿತ್ತು; ಆ ನೆಲವೇ ಅಶುಭವೆಂಬ ಮಾತೂ ಹುಟ್ಟಿತು. ದೊರೆಗಳು ಚಾಂಗ್‌ದೊಕ್ ಅರಮನೆಯನ್ನು ಸರಿಪಡಿಸಿಕೊಂಡು ಅಲ್ಲಿಯೇ ಉಳಿದರು. ಇಲ್ಲಿ ೨೭೩ ವರ್ಷ ಪೈನ್ ಮರಗಳು ಬೆಳೆದವು. ಹದಿನೆಂಟನೆಯ ಶತಮಾನದ ಚಿತ್ರಕಾರ ಜೊಂಗ್ ಸೊನ್ ಬರೆದ ಚಿತ್ರದಲ್ಲಿ ಕಾಣುವುದು ಮರಗಳು ಮತ್ತು ಕೊಳದಲ್ಲಿ ಚಾವಣಿಯಿಲ್ಲದೆ ನಿಂತ ಕಲ್ಲುಗಂಬಗಳು ಮಾತ್ರ.

೧೮೬೩ರಲ್ಲಿ ಹನ್ನೆರಡರ ಆಸುಪಾಸಿನ ಬಾಲಕ ಗೋಜೊಂಗ್ ಪಟ್ಟಕ್ಕೆ ಬಂದಾಗ ಅಧಿಕಾರ ಅವನ ತಂದೆ ದೇವೊನ್‌ಗುನ್‌ನ ಕೈಯಲ್ಲಿತ್ತು. ದೊಡ್ಡ ಮನೆತನಗಳ ಮುಂದೆ ಕುಗ್ಗಿದ್ದ ರಾಜತ್ವದ ಗೌರವವನ್ನು ಎತ್ತಿ ನಿಲ್ಲಿಸಬೇಕೆಂದು ಆತ ೧೮೬೫ರಲ್ಲಿ ಈ ಅರಮನೆಯನ್ನು ಮತ್ತೆ ಕಟ್ಟಿಸಲು ತೊಡಗಿದನು. ಈ ಬಾರಿಯದು ಮೊದಲಿನದಕ್ಕಿಂತ ಬಹಳ ದೊಡ್ಡದು. ನಮ್ಮ ಹಳ್ಳಿಯ ಮನೆಗಳಂತೆಯೇ ಕೊರಿಯಾದಲ್ಲಿಯೂ ಕಟ್ಟಡವನ್ನು ಕಂಬಗಳ ನಡುವಣ ಅಂಕಣದ ಲೆಕ್ಕದಲ್ಲಿ ಅಳೆಯುತ್ತಾರೆ. ಈ ಅರಮನೆ ಏಳು ಸಾವಿರ ಅಂಕಣಗಳನ್ನು ಮೀರಿತ್ತು. ಹಣವೆಲ್ಲಿಂದ ಬರಬೇಕು? ಜನರಿಂದ 'ಸ್ವಇಚ್ಛೆಯ ಕಾಣಿಕೆ' ಎತ್ತಿದರು. ಇಚ್ಛೆ ಯಾರದೆಂಬುದು ಎಲ್ಲರಿಗೂ ಗೊತ್ತಿತ್ತು. ಕೊರಿಯಾದ ಭಾಷೆಯಲ್ಲಿ 'ಇಚ್ಛೆ'ಗೂ 'ಹಗೆ'ಗೂ ಒಂದೇ ಉಚ್ಚಾರವಿರುವುದರಿಂದ ಜನ ಅದನ್ನು 'ಶಾಪದ ಕಾಣಿಕೆ' ಎಂದು ಬದಲಿಸಿಕೊಂಡರು. ೧೮೬೬ರಲ್ಲಿ ಸೇರಿಸಿಟ್ಟ ಮರಮುಟ್ಟಿಗೆ ಬೆಂಕಿ ಬಿದ್ದಿತು. ಆದರೂ ಕೆಲಸ ನಿಲ್ಲಲಿಲ್ಲ. ಅದೇ ವರ್ಷ ಹಳೆಯ ಕಾಸಿನ ನೂರರಷ್ಟು ಬೆಲೆಯೆಂದು ಮುದ್ರೆಯೊತ್ತಿದ ಹೊಸ ನಾಣ್ಯವನ್ನು ಹೊರಡಿಸಿದರು. ಅದರಲ್ಲಿದ್ದ ಲೋಹ ಐದಾರು ಕಾಸಿನಷ್ಟು ಮಾತ್ರ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬೆಲೆಗಳು ಹುಚ್ಚೆದ್ದು ಏರಿ ಮರುವರ್ಷವೇ ನಾಣ್ಯ ಮುದ್ರಿಸುವುದನ್ನು ನಿಲ್ಲಿಸಬೇಕಾಯಿತು. ರಾಜಧಾನಿಯ ಬಾಗಿಲುಗಳಲ್ಲಿ ಸುಂಕ, ಊರೂರಿನಿಂದ ಬಿಟ್ಟಿಯಾಳುಗಳು. ೧೮೬೮ರಲ್ಲಿ ದೊರೆ ಹೊಸ ಅರಮನೆಗೆ ಬಂದನು. ಅರಮನೆಯ ಸೊಬಗನ್ನು ಹೊಗಳುವವರು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು. ದುಡಿದವರ ಬವಣೆ ಇಂದಿಗೂ ಗ್ಯೊಂಗ್‌ಬೊಕ್‌ಗುಂಗ್ ತರ್ಯೊಂಗ್ ಎಂಬ ಜನಪದ ಹಾಡಿಗೆ ಅಂಟಿಕೊಂಡಿದೆ.

ಇಷ್ಟು ಬೆಲೆ ಕೊಟ್ಟು ಕಟ್ಟಿದ ಅರಮನೆಯಲ್ಲಿ ರಾಜವಂಶ ನೆಮ್ಮದಿಯಿಂದ ಬಾಳಿದ್ದು ಮೂವತ್ತು ವರ್ಷವೂ ಇಲ್ಲ. ೧೮೭೩ ಮತ್ತು ೧೮೭೬ರಲ್ಲಿ ಒಳಮನೆಗಳು ಸುಟ್ಟವು. ೧೮೮೭ರಲ್ಲಿ ಹಿಂಭಾಗದ ಗೊಂಚೊಂಗ್‌ಗುಂಗ್ ಎಂಬ ವಾಸದ ಮನೆಯಲ್ಲಿ ಕೊರಿಯಾದ ಮೊದಲ ವಿದ್ಯುದ್ದೀಪ ಉರಿಯಿತು. ಅಮೆರಿಕದ ಎಡಿಸನ್ ಕಂಪನಿಯ ಯಂತ್ರ, ಪಕ್ಕದ ಕೊಳದ ನೀರು. ಆ ದೀಪ ಉರಿದ ಮನೆಯಲ್ಲಿಯೇ ಎಂಟು ವರ್ಷದ ಮೇಲೆ ಕೊರಿಯಾದ ಇತಿಹಾಸದ ಅತ್ಯಂತ ಕರಾಳ ಬೆಳಗು ಮೂಡಿತು. ೧೮೯೫ರ ಅಕ್ಟೋಬರ್ ೮ರಂದು ಜಪಾನಿನ ರಾಯಭಾರಿ ಮಿಉರಾ ಗೊರೋವಿನ ಸಂಚಿನಂತೆ ಕೊಲೆಗಡುಕರು ನುಗ್ಗಿ ಪಟ್ಟದ ರಾಣಿ ಮಿನ್‌ಳನ್ನು ಕತ್ತರಿಸಿ, ದೇಹವನ್ನು ಹತ್ತಿರದ ತೋಪಿನಲ್ಲಿ ಸುಟ್ಟುಹಾಕಿದರು. ಜಪಾನಿನ ಪ್ರಾಬಲ್ಯಕ್ಕೆ ಆಕೆ ಅಡ್ಡವಾಗಿದ್ದುದೇ ಅಪರಾಧ. ಮಿಉರಾನನ್ನು ಹಿರೋಷಿಮಾದಲ್ಲಿ ವಿಚಾರಣೆಗೆ ಗುರಿಪಡಿಸಿ, ಸಾಕ್ಷ್ಯ ಸಾಲದೆಂದು ಬಿಟ್ಟರು. ೧೮೯೬ರ ಫೆಬ್ರವರಿಯಲ್ಲಿ ದೊರೆ ಅರಮನೆಯಿಂದ ತಪ್ಪಿಸಿಕೊಂಡು ರಷ್ಯದ ದೂತಾಲಯವನ್ನು ಸೇರಿದನು. ಮತ್ತೆ ಇಲ್ಲಿ ವಾಸಕ್ಕೆ ಬರಲಿಲ್ಲ.

೧೯೧೦ರಲ್ಲಿ ಜಪಾನು ಕೊರಿಯಾವನ್ನು ನುಂಗಿತು. ಅನಂತರ ನಡೆದದ್ದು ಬೆಂಕಿಯ ಕೆಲಸವಲ್ಲ, ಕಚೇರಿಯ ಕೆಲಸ. ೧೯೧೫ರಲ್ಲಿ ಅರಮನೆಯ ಆವರಣದಲ್ಲಿ ಕೈಗಾರಿಕಾ ಪ್ರದರ್ಶನ ಏರ್ಪಡಿಸಿ, ಅದರ ನೆಪದಲ್ಲಿ ಅನೇಕ ಕಟ್ಟಡಗಳನ್ನು ಬಿಚ್ಚಿ ಮಾರಿದರು. ೧೯೧೭ರಲ್ಲಿ ಚಾಂಗ್‌ದೊಕ್ ಅರಮನೆಯ ಒಳಮನೆಗಳು ಸುಟ್ಟಾಗ, ಅವನ್ನು ಕಟ್ಟಲು ಇಲ್ಲಿಯ ದೊರೆಯ ಶಯನಗೃಹವನ್ನೂ ರಾಣಿಯ ಮನೆಯನ್ನೂ ಬಿಚ್ಚಿ ಮರ ಸಾಗಿಸಿದರು. ಆ ಮರ ಇಂದಿಗೂ ಚಾಂಗ್‌ದೊಕ್‌ನಲ್ಲಿದೆ. ಗ್ಯೊಂಗ್‌ಬೊಕ್‌ನಲ್ಲಿ ಈಗ ಕಾಣುವ ಶಯನಗೃಹ ೧೯೯೫ರಲ್ಲಿ ಕಟ್ಟಿದ್ದು. ಹಳೆಯ ತೊಲೆಗಳು ಅಲ್ಲಿ, ಹಳೆಯ ಸ್ಥಳ ಇಲ್ಲಿ. ಇವೆರಡರಲ್ಲಿ ಗೋಜೊಂಗನ ಶಯನಗೃಹ ಯಾವುದು? ನನ್ನ ಸಹಪಾಠಿಯನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಪರೀಕ್ಷೆಯಲ್ಲಿ ಇದು ಬರುವುದಿಲ್ಲ" ಎಂದು ಜಾರಿಕೊಂಡ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಗೆರೆಯ ಮೇಲೆ ಬಿದ್ದಿತು. ೧೯೧೬ರಿಂದ ೧೯೨೬ರವರೆಗೆ, ಎರಡನೆಯ ಬಾಗಿಲಿದ್ದ ಸ್ಥಳದಲ್ಲಿ ಸಿಂಹಾಸನ ಮಂದಿರಕ್ಕೆ ಅಡ್ಡವಾಗಿ, ಗುಮ್ಮಟವುಳ್ಳ ಕಲ್ಲಿನ ಭಾರೀ ಸರ್ಕಾರಿ ಕಚೇರಿಯನ್ನು ಜಪಾನೀಯರು ಕಟ್ಟಿದರು. ಬೀದಿಯಲ್ಲಿ ನಿಂತವನಿಗೆ ಅರಮನೆಯೇ ಕಾಣದಂತಾಯಿತು. ಹೊಸ ಕಟ್ಟಡದ ನೋಟಕ್ಕೆ ಅಡ್ಡವಾದ ಹೆಬ್ಬಾಗಿಲನ್ನು ಕೆಡವಬೇಕೆಂದಾಗ ಅದನ್ನು ವಿರೋಧಿಸಿ ೧೯೨೨ರಲ್ಲಿ ಲೇಖನ ಬರೆದವನು ಒಬ್ಬ ಜಪಾನೀಯನೇ, ಯಾನಗಿ ಮುನೆಯೋಶಿ ಎಂಬ ಕಲಾವಿಮರ್ಶಕ. ನಮ್ಮ ದೇಶ ಪರರ ವಶವಾಗಿ ನಮ್ಮ ಎದೋ ಕೋಟೆಯನ್ನು ಅವರು ಕೆಡವಿದರೆ ನಮಗೆ ಹೇಗಾದೀತು ಎಂದು ಅವನು ತನ್ನವರನ್ನೇ ಕೇಳಿದನು. ಬಾಗಿಲು ಉಳಿಯಿತು, ಆದರೆ ಅರಮನೆಯ ಪೂರ್ವದ ಗೋಡೆಯ ಬಳಿಗೆ ಸ್ಥಳಾಂತರವಾಯಿತು. ೧೯೫೦ರಲ್ಲಿ ಆರಂಭವಾದ ಕೊರಿಯಾ ಯುದ್ಧದಲ್ಲಿ ಅದರ ಮರದ ಉಪ್ಪರಿಗೆಯೂ ಸುಟ್ಟಿತು.

೧೯೬೮ರಲ್ಲಿ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಬಾಗಿಲನ್ನು ಮುಂಭಾಗಕ್ಕೆ ತಂದರು, ಆದರೆ ಕಾಂಕ್ರೀಟಿನಲ್ಲಿ. ಮೇಲೆ ಅವರ ಸ್ವಂತ ಕೈಬರಹದ ಕೊರಿಯಾ ಲಿಪಿಯ ಫಲಕ. ಅದನ್ನು ನಿಲ್ಲಿಸಿದ್ದು ಅರಮನೆಯ ಗೆರೆಯ ಮೇಲಲ್ಲ, ಇನ್ನೂ ನಿಂತಿದ್ದ ಜಪಾನಿನ ಕಚೇರಿಯ ಗೆರೆಗೆ ಸರಿಯಾಗಿ. ಕೆಲವೇ ಡಿಗ್ರಿಗಳ ಓರೆ. ಸ್ವತಂತ್ರ ದೇಶದ ಹೆಬ್ಬಾಗಿಲು ಹಳೆಯ ಒಡೆಯನ ಕಟ್ಟಡಕ್ಕೆ ಮೈ ಸರಿಹೊಂದಿಸಿ ನಿಂತಿದ್ದು ಬಹಳ ಜನರ ಗಮನಕ್ಕೇ ಬರಲಿಲ್ಲ.

ಆ ಕಚೇರಿಯ ಮುಂದೆಯೇ ೧೯೪೮ರಲ್ಲಿ ಕೊರ��ಯಾ ಗಣರಾಜ್ಯದ ಘೋಷಣೆಯಾಗಿತ್ತು. ೧೯೮೬ರಿಂದ ಅದು ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿತ್ತು. ಆದ್ದರಿಂದ ಅದನ್ನು ಕೆಡವಬೇಕೆಂದಾಗ, ಅವಮಾನದ ಗುರುತೂ ಚರಿತ್ರೆಯೇ, ಉಳಿಯಲಿ ಎಂದವರು ಇದ್ದರು. ಅವರ ಮಾತಿನಲ್ಲಿ ತೂಕವಿಲ್ಲವೆಂದು ನಾನು ಹೇಳಲಾರೆ. ಆದರೆ ಗುರುತನ್ನು ಉಳಿಸುವುದು ಬೇರೆ, ಅದನ್ನು ಮನೆಯ ಬಾಗಿಲಿಗೆ ಅಡ್ಡವಾಗಿ ಉಳಿಸುವುದು ಬೇರೆ ಎಂದು ನನಗೆ ತೋರುತ್ತದೆ. ಬಿಡುಗಡೆಯ ಐವತ್ತನೆಯ ವರ್ಷದ ದಿನ, ೧೯೯೫ರ ಆಗಸ್ಟ್ ೧೫ರಂದು, ಗುಮ್ಮಟದ ಶಿಖರವನ್ನು ಕತ್ತರಿಸಿ ಇಳಿಸಿದರು. ಮರುವರ್ಷ ಕಟ್ಟಡ ನೆಲಸಮವಾಯಿತು. ಶಿಖರವನ್ನು ಚೊನಾನ್ ನಗರದ ಸ್ವಾತಂತ್ರ್ಯ ಸ್ಮಾರಕದಲ್ಲಿ ಇರಿಸಿದ್ದಾರೆ. ಎತ್ತರದ ಪೀಠದ ಮೇಲಲ್ಲ, ನೋಡುವವರು ಬಗ್ಗಿ ನೋಡುವಂತೆ ನೆಲ ಅಗೆದ ತಗ್ಗಿನಲ್ಲಿ.

ಈಗ ನನ್ನ ಫಲಕದ ಪ್ರಶ್ನೆಗೆ ಬರುತ್ತೇನೆ. ೨೦೦೬ರಲ್ಲಿ ಕಾಂಕ್ರೀಟಿನ ಬಾಗಿಲನ್ನು ಬಿಚ್ಚತೊಡಗಿ, ಅಗೆದು ಹಳೆಯ ಅಡಿಪಾಯವನ್ನು ಗುರುತಿಸಿ, ಸರಿಯಾದ ಗೆರೆಯ ಮೇಲೆ ಮರದಲ್ಲಿಯೇ ಕಟ್ಟಿ ೨೦೧೦ರ ಆಗಸ್ಟ್ ೧೫ರಂದು ತೆರೆದರು. ಫಲಕದ ಅಕ್ಷರಗಳನ್ನು ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿದ್ದ ಹಳೆಯ ಫೋಟೋದಿಂದ ಎತ್ತಿಕೊಂಡರು. ಅವು ೧೮೬೫ರ ಕಟ್ಟಡಕ್ಕೆ ಇಮ್ ತೇಯೊಂಗ್ ಎಂಬ ಸೇನಾಧಿಕಾರಿ ಬರೆದ ಅಕ್ಷರಗಳು. ಫೋಟೋ ಮಸುಕಾಗಿತ್ತು, ಬಣ್ಣವನ್ನು ಬಿಳಿಯ ಮೇಲೆ ಕಪ್ಪು ಎಂದು ಊಹಿಸಿದರು. ಮೂರು ತಿಂಗಳಲ್ಲಿ ಹಲಗೆ ಸೀಳಿತು. ತರಾತುರಿಯಲ್ಲಿ ಮುಗಿಸಿದ್ದಕ್ಕೆ ಹೀಗಾಯಿತೆಂದು ದೇಶವೆಲ್ಲ ಟೀಕಿಸಿತು. ಹೊಸ ಹಲಗೆ ಮಾಡಬೇಕೆಂದು ನಿಶ್ಚಯಿಸಿದಾಗಲೇ ಬಣ್ಣದ ಸಂದೇಹವೂ ಎದ್ದಿತು. ೨೦೧೬ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಹಳೆಯ ಫೋಟೋ ಒಂದು ಬೆಳಕಿಗೆ ಬಂದಿತು. ಅದರಲ್ಲಿ ಹಲಗೆಯೇ ಕಪ್ಪು, ಅಕ್ಷರ ತಿಳಿ. ಎರಡು ವರ್ಷದ ಮೇಲೆ ಜಪಾನಿನ ವಾಸೆದಾ ವಿಶ್ವವಿದ್ಯಾನಿಲಯದಲ್ಲಿದ್ದ ೧೮೬೦ರ ದಶಕದ ನಿರ್ಮಾಣದ ದಿನಚರಿ ಆ ಮಾತನ್ನು ಖಚಿತಪಡಿಸಿತು. ೨೦೨೩ರ ಅಕ್ಟೋಬರ್ ೧೫ರಂದು, ಕಪ್ಪು ಹಲಗೆಗೆ ಚಿನ್ನದ ಲೇಪದ ತಾಮ್ರದ ಅಕ್ಷರಗಳನ್ನು ಕೂರಿಸಿದ ಹೊಸ ಫಲಕ ಮೇಲೇರಿತು. ಅದೇ ದಿನ ಬಾಗಿಲಿನ ಮುಂದಿನ ಸುಮಾರು ಐವತ್ತು ಮೀಟರ್ ಉದ್ದದ ಕಲ್ಲಿನ ಜಗಲಿಯನ್ನೂ ತೆರೆದರು. ಟ್ರಾಮ್ ಹಳಿಗಾಗಿ ಜಪಾನೀಯರು ಹೂತುಹಾಕಿದ್ದ ಜಗಲಿ ಅದು. ಅದರ ಮೆಟ್ಟಲಿನ ಪ್ರಾಣಿಶಿಲ್ಪಗಳೆರಡು ಒಂದು ಶ್ರೀಮಂತ ಮನೆತನದ ಸಂಗ್ರಹದಲ್ಲಿದ್ದುವು. ಮನೆಯವರು ಹಿಂದಕ್ಕೆ ಕೊಟ್ಟರು. ಆ ಅಕ್ಷರಗಳು ಚೀಣದವೇಕೆ, ಸೇಜೊಂಗನ ಲಿಪಿಯವೇಕೆ ಇಲ್ಲ ಎಂಬ ವಾದ ಅನಂತರವೂ ನಿಂತಿಲ್ಲ.

೧೯೯೦ರಲ್ಲಿ ಹಿಡಿದ ಮೊದಲ ಹಂತದ ಕೆಲಸ ೨೦೧೦ಕ್ಕೆ ಮುಗಿದಾಗ ಗೋಜೊಂಗನ ಕಾಲದ ಕಟ್ಟಡಗಳ ಸುಮಾರು ಕಾಲುಭಾಗ ಮಾತ್ರ ಮತ್ತೆ ಎದ್ದಿತ್ತು. ಎರಡನೆಯ ಹಂತವನ್ನು ೨೦೪೫ರವರೆಗೆ ಯೋಜಿಸಿದ್ದಾರೆ. ನನ್ನ ಸಹಪಾಠಿಗೆ ನಾನು ಕೊನೆಯದಾಗಿ ಹೇಳಿದ್ದು ಯುವರಾಜನ ಮನೆಯ ಕಥೆ. ಜಸೊಂದಾಂಗ್ ಎಂಬ ಆ ಮನೆಯನ್ನು ಪ್ರದರ್ಶನದ ಕಾಲದಲ್ಲಿ ಜಪಾನಿನ ವ್ಯಾಪಾರಿ ಓಕುರಾ ಎಂಬವನು ಬಿಚ್ಚಿಸಿ ಟೋಕಿಯೋಗೆ ಒಯ್ದು ತನ್ನ ಖಾಸಗಿ ಸಂಗ್ರಹಾಲಯ ಮಾಡಿಕೊಂಡನು. ೧೯೨೩ರ ಭೂಕಂಪದ ಬೆಂಕಿಯಲ್ಲಿ ಮರವೆಲ್ಲ ಹೋಗಿ ಅಡಿಪಾಯದ ಕಲ್ಲುಗಳು ಮಾತ್ರ ಉಳಿದುವು. ೧೯೯೫ರ ಕೊನೆಯಲ್ಲಿ ಆ ಕಲ್ಲುಗಳು ಕಡಲು ದಾಟಿ ಅರಮನೆಗೆ ಮರಳಿದವು. ಮನೆಯನ್ನು ಅದರ ಸ್ಥಳದಲ್ಲಿ ಮತ್ತೆ ಕಟ್ಟುವಾಗ ಅವನ್ನೇ ಬಳಸಬೇಕೆಂದು ನೋಡಿದರು. ಬೆಂಕಿಯಲ್ಲಿ ಬೆಂದ ಕಲ್ಲು ಭಾರ ಹೊರುವುದಿಲ್ಲವೆಂದು ತಿಳಿಯಿತು. ೧೯೯೯ರಲ್ಲಿ ಹೊಸ ಕಲ್ಲಿನ ಮೇಲೆ ಹೊಸ ಮರದ ಮನೆ ನಿಂತಿತು. ಹಳೆಯ ಕಲ್ಲುಗಳನ್ನು ಎಸೆಯಲಿಲ್ಲ. ಅರಮನೆಯ ಹಿಂಭಾಗದಲ್ಲಿ, ರಾಣಿಯನ್ನು ಕೊಂದ ಮನೆಯ ಬಳಿ, ಮೊದಲಿದ್ದಂತೆಯೇ ಮನೆಯ ಆಕಾರದಲ್ಲಿ ಜೋಡಿಸಿ ಇಟ್ಟಿದ್ದಾರೆ. ಮೇಲೆ ಏನನ್ನೂ ಕಟ್ಟಿಲ್ಲ.